ನುಡಿದ ದರಕ್ಕೆ ಸಾಕ್ಷಿ ಯಾರು?

ಒಂದು ಕಾಲಕ್ಕೆ ಪೇಟೆಯಲ್ಲಿ ದರ ಕಿವಿಗೆ ಕೇಳುತ್ತಿರಲಿಲ್ಲ, ಕಣ್ಣಿಗೂ ಕಾಣುತ್ತಿರಲಿಲ್ಲ. ಖರೀದಿದಾರ ಮತ್ತು ದಲಾಲ ಕೈಗಳ ಮೇಲೆ ವಸ್ತ್ರ ಹೊದಿಸಿಕೊಂಡು, ಅದರಡಿ ಬೆರಳು ಹಿಡಿದು ದರ ಕುದುರಿಸುತ್ತಿದ್ದರು. ಪಕ್ಕದಲ್ಲೇ ನಿಂತ ರೈತನಿಗೆ ತನ್ನ ಮಾಲಿನ ಬೆಲೆ ತಿಳಿಯುತ್ತಿದ್ದುದು ಕೊನೆಗೆ, ದಲಾಲ ಹೇಳಿದಾಗ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಪ್ರದೇಶ ಆಗ ವಿಜಾಪುರ ಜಿಲ್ಲೆಯ ಭಾಗ. ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಪ್ರಾಂತ್ಯದ ಅನೇಕ ಪೇಟೆಗಳಲ್ಲಿ ಈ ಗುಪ್ತ ವ್ಯಾಪಾರ ರೂಢಿಯಲ್ಲಿತ್ತು. ಎರೆಭೂಮಿಯ ಹತ್ತಿಯನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದವನಿಗೆ ಅದನ್ನು ಮರಳಿ ಒಯ್ಯುವುದು ಸುಲಭವಲ್ಲ. ದರ ಕುದುರಿದ ಮೇಲೆ, ಅಂಡಿಗೆ ಬಿಚ್ಚಿದಾಗ 'ಮಾಲು ಹಸಿಯಾಗಿದೆ, ತೋರಿಸಿದಂತಿಲ್ಲ' ಎಂದು ಖರೀದಿದಾರ ದರ ಇಳಿಸಿದರೆ ಏನು ಮಾಡಬೇಕು? ಮೊದಲು ಹೇಳಿದ ದರ ಇಷ್ಟೇ ಎಂದು ಸಾಧಿಸಲು ರೈತನ ಬಳಿ ಕಾಗದವಿಲ್ಲ. ಬೆರಳು ಹಿಡಿದ ಇಬ್ಬರೇ ಸಾಕ್ಷಿಗಳು.

ಮುಂಬಯಿ ಸರಕಾರ 1927ರಲ್ಲಿ ಹತ್ತಿ ಪೇಟೆಗಳ ಕಾಯದೆ ತಂದಿತು. ಮರುವರ್ಷ ರಾಯಲ್ ಕೃಷಿ ಆಯೋಗ ದೇಶದಾದ್ಯಂತ ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದು ಶಿಫಾರಸು ಮಾಡಿತು. 1939ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ, 1966ರಲ್ಲಿ ಏಕೀಕೃತ ರಾಜ್ಯಕ್ಕೆ ಕೃಷಿ ಉತ್ಪನ್ನ ಮಾರಾಟದ ಕಾಯದೆಗಳು ಬಂದವು. ಬಹಿರಂಗ ಸವಾಲು, ಟೆಂಡರ್, ಪರವಾನಗಿ ಪಡೆದ ತೂಕದವರು, ತಂಟೆ ಬಗೆಹರಿಸುವ ವ್ಯವಸ್ಥೆ ಇವೆಲ್ಲದರ ಉದ್ದೇಶವೂ ಒಂದೇ: ನುಡಿದ ದರಕ್ಕೆ ಮೂರನೆಯವನ ಸಾಕ್ಷಿ ಒದಗಿಸುವುದು.

ಇದು ಹಳ್ಳಿಗಾಡಿನ ಪೇಟೆಗಳ ದೋಷ ಮಾತ್ರವೆಂದು ಭಾವಿಸಬೇಕಿಲ್ಲ. ಅಮೆರಿಕದ ನ್ಯಾಸ್ಡಾಕ್ ಷೇರುಪೇಟೆಯಲ್ಲಿ 'ಮಾರ್ಕೆಟ್ ಮೇಕರ್' ಎಂಬ ವರ್ತಕರಿದ್ದಾರೆ. ಕೊಳ್ಳುವ ದರ, ಮಾರುವ ದರ ಎರಡನ್ನೂ ಪರದೆಯ ಮೇಲೆ ಸಾರುವುದು ಅವರ ಕೆಲಸ. ಸಾರಿದ ದರಕ್ಕೆ ವ್ಯವಹರಿಸಲೇಬೇಕೆಂಬುದು ನಿಯಮ. ಆದರೆ 1987ರ ಅಕ್ಟೋಬರ್ 19ರಂದು ಷೇರು ದರ ಕುಸಿದಾಗ ಅನೇಕ ವರ್ತಕರು ಫೋನನ್ನೇ ಎತ್ತಲಿಲ್ಲವೆಂಬ ದೂರು ಎದ್ದಿತು.

ಆ ನಿಯಮಕ್ಕೊಂದು ವಿನಾಯಿತಿಯೂ ಇತ್ತು. ಅದೇ ಕ್ಷಣ ಇನ್ನೊಬ್ಬರಿಗೆ ಮಾರಿ ದರ ಬದಲಿಸುತ್ತಿದ್ದರೆ ಹಳೆಯ ದರಕ್ಕೆ ವರ್ತಕ ಬದ್ಧನಲ್ಲ. ವಿನಾಯಿತಿ ನ್ಯಾಯವಾದದ್ದೇ. ಆದರೆ ಅದು ನಿಜವೋ ನೆಪವೋ ಎಂದು ತಿಳಿಯಲು ಕ್ಷಣಕ್ಷಣದ ಲೆಕ್ಕ ಬೇಕು. ಆ ಲೆಕ್ಕ ಇರುತ್ತಿದ್ದುದು ವರ್ತಕನ ಬಳಿಯೇ. 'ಮಾಲು ತೋರಿಸಿದಂತಿಲ್ಲ' ಎಂಬ ಮಾತಿನ ಬಲವೂ ಇಂಥದ್ದೇ.

1996ರಲ್ಲಿ ಅಲ್ಲಿನ ಷೇರುಪೇಟೆ ನಿಯಂತ್ರಣ ಆಯೋಗ, ವರ್ತಕರು ಸಾರಿದ ದರದಿಂದ ಹಿಂದೆ ಸರಿಯುತ್ತಿದ್ದರೂ ಮೇಲ್ವಿಚಾರಣೆ ಸಾಲದೆಂದು ಹೇಳಿತು. ಅದೇ ವರ್ಷ ವರ್ತಕರ ಮಾಮೂಲಿ ದರಗಳ ಕುರಿತ ಇನ್ನೊಂದು ಪ್ರಕರಣದಲ್ಲಿ 24 ಸಂಸ್ಥೆಗಳು, ತಪ್ಪೊಪ್ಪಿಕೊಳ್ಳದೆಯೇ, ತಮ್ಮ ವರ್ತಕರ ಫೋನ್ ಮಾತುಗಳ ಒಂದು ಪಾಲನ್ನು ಧ್ವನಿಮುದ್ರಿಸಲು ಒಪ್ಪಿದವು. ಮುಂಬಯಿ ಷೇರುಪೇಟೆಯಲ್ಲೂ 1995ರವರೆಗೆ ದರ ಕೂಗಿ, ಕೈಸನ್ನೆ ಮಾಡಿ ವ್ಯಾಪಾರ ನಡೆಯುತ್ತಿತ್ತು. ನಂತರ ಕಂಪ್ಯೂಟರ್ ಬಂದಿತು.

ಕರ್ನಾಟಕದ ಎಪಿಎಂಸಿಗಳಿಗೆ ಏಕೀಕೃತ ಮಾರುಕಟ್ಟೆ ವೇದಿಕೆ ಬಂದದ್ದು 2014ರಲ್ಲಿ. ರೈತನ ಮಾಲಿಗೊಂದು ಲಾಟ್ ಸಂಖ್ಯೆ. ಖರೀದಿದಾರರ ದರ ಕಂಪ್ಯೂಟರಿನಲ್ಲಿ ದಾಖಲು. ದರ ಒಪ್ಪಿಗೆಯಾಗದಿದ್ದರೆ ರೈತ ನಿರಾಕರಿಸಬಹುದು. ವಸ್ತ್ರದಡಿಯ ಬೆರಳು ಹೀಗೆ ದಾಖಲೆಯಾಯಿತು.

ಆದರೂ ಕಂಪ್ಯೂಟರ್ ಬರೆದುಕೊಳ್ಳುವುದು ದರವನ್ನೇ ಹೊರತು ಚೀಲದ ತಳದಲ್ಲಿ ಏನಿದೆ ಎಂಬುದನ್ನಲ್ಲ. ಟೆಂಡರಿಗೆ ಮೊದಲೇ ಗುಣಮಟ್ಟ ಪರೀಕ್ಷಿಸಿ ದಾಖಲಿಸದಿದ್ದರೆ ಹಳೆಯ ತಕರಾರಿಗೆ ಜಾಗ ಉಳಿಯುತ್ತದೆ. ಆಗ ರೈತನ ಕೈಯಲ್ಲಿರುವ ಬಲ ಲಾಟಿನ ಚೀಟಿಯೊಂದೇ. ಪೂರ್ತಿ ಹಣ ಕೈಸೇರುವವರೆಗೆ ಅದನ್ನು ಜೋಪಾನ ಮಾಡಬೇಕು.