ಮಿಶ್ರಿತ ಬರ್ಬನ್: ಬೆಲೆಗಿಂತ ಹದವೇ ಹಿರಿದು

ಅಮೆರಿಕದ ಬರ್ಬನ್ ತಯಾರಕರು ಸೀಮಿತ ಸಂಖ್ಯೆಯಲ್ಲಿ ಹೊರತರುವ ವಿಶೇಷ ಮಿಶ್ರಣಗಳು ಮರುಮಾರಾಟದಲ್ಲಿ ಮೂಲ ಬೆಲೆಯ ಹಲವು ಪಟ್ಟು ಗಳಿಸುವುದುಂಟು. ಆದರೆ 'ಲಿಮಿಟೆಡ್ ಎಡಿಷನ್', 'ಸ್ಮಾಲ್ ಬ್ಯಾಚ್' ಎಂಬ ಪದಗಳಿಗೆ ಅಲ್ಲಿನ ಕಾನೂನಿನಲ್ಲಿ ವ್ಯಾಖ್ಯಾನವಿಲ್ಲ. ಹೀಗಾಗಿ ಇಂತಹ ವಿಸ್ಕಿಯ ಯೋಗ್ಯತೆಯನ್ನು ಲೇಬಲ್ಲಿನ ಉಳಿದ ವಿವರ ಹಾಗೂ ಮೂಗು, ನಾಲಗೆಗಳ ಸಾಕ್ಷ್ಯದಿಂದಲೇ ನಿರ್ಧರಿಸಬೇಕಾಗುತ್ತದೆ.

ಲೇಬಲ್ ಓದುವ ಬಗೆ

ಬರ್ಬನ್‌ಗೆ ಬಳಸುವ ಧಾನ್ಯದಲ್ಲಿ ಕನಿಷ್ಠ ಶೇ 51 ಮೆಕ್ಕೆಜೋಳವಿರಬೇಕು. ಒಳಮೈ ಸುಟ್ಟ ಹೊಸ ಓಕ್ ಮರದ ಪಾತ್ರೆಯಲ್ಲಿ ಅದು ಮಾಗಬೇಕು. ಕನಿಷ್ಠ 2 ವರ್ಷ ಮಾಗಿದ್ದು 'ಸ್ಟ್ರೈಟ್ ಬರ್ಬನ್'. ಒಂದೇ ರಾಜ್ಯದಲ್ಲಿ ತಯಾರಾದ ಹಲವು ಸ್ಟ್ರೈಟ್ ಬರ್ಬನ್‌ಗಳನ್ನು ಬೆರೆಸಿದರೂ ಈ ಹೆಸರು ಉಳಿಯುತ್ತದೆ. 'ಬ್ಲೆಂಡ್ ಆಫ್ ಸ್ಟ್ರೈಟ್ ಬರ್ಬನ್ಸ್' ಎಂದಿದ್ದರೂ ಒಳಗಿರುವುದು ಸ್ಟ್ರೈಟ್ ಬರ್ಬನ್‌ಗಳೇ. ಬರಿಯ 'ಬ್ಲೆಂಡೆಡ್ ಬರ್ಬನ್' ಎಂದಿದ್ದರೆ ಮಾತ್ರ ಎಚ್ಚರ ಅಗತ್ಯ: ಅದರಲ್ಲಿ ಶೇ 51ರಷ್ಟು ಸ್ಟ್ರೈಟ್ ಬರ್ಬನ್ ಇದ್ದರೆ ಸಾಕು, ಉಳಿದದ್ದು ರುಚಿಯಿಲ್ಲದ ನ್ಯೂಟ್ರಲ್ ಸ್ಪಿರಿಟ್ ಆಗಿರಬಹುದು. ಮಿಶ್ರಣಕ್ಕೆ ಒಂದೇ ವಯಸ್ಸನ್ನು ನಮೂದಿಸಿದ್ದರೆ ಅದು ಅತ್ಯಂತ ಕಿರಿಯ ಅಂಶದ ವಯಸ್ಸು.

ಫೋರ್ ರೋಸಸ್ ನಿದರ್ಶನ

ಕೆಂಟಕಿಯ ಫೋರ್ ರೋಸಸ್ ಈ ಎರಡೂ ಮುಖಗಳನ್ನು ಕಂಡ ಹೆಸರು. ಸೀಗ್ರಾಮ್ ಒಡೆತನದಲ್ಲಿ, 1950ರ ದಶಕದ ಕೊನೆಯಿಂದ, ಅದರ ಸ್ಟ್ರೈಟ್ ಬರ್ಬನ್ ಯುರೋಪ್ ಮತ್ತು ಜಪಾನಿಗೆ ಹೋಗುತ್ತಿತ್ತು. ಸ್ವದೇಶದ ಗ್ರಾಹಕರಿಗೆ ಅದೇ ಹೆಸರಿನಲ್ಲಿ ನ್ಯೂಟ್ರಲ್ ಸ್ಪಿರಿಟ್ ಬೆರೆತ ಅಗ್ಗದ ವಿಸ್ಕಿ ಸಿಗುತ್ತಿತ್ತು. 2002ರಲ್ಲಿ ಜಪಾನಿನ ಕಿರಿನ್ ಸಂಸ್ಥೆ ಖರೀದಿಸಿದ ಬಳಿಕವೇ ಸ್ಟ್ರೈಟ್ ಬರ್ಬನ್ ತವರಿಗೆ ಮರಳಿತು.

ಇಲ್ಲಿ 2 ಬಗೆಯ ಧಾನ್ಯಮಿಶ್ರಣ ಮತ್ತು 5 ಬಗೆಯ ಯೀಸ್ಟ್ ಸೇರಿ 10 ಪ್ರತ್ಯೇಕ ಬರ್ಬನ್‌ಗಳು ತಯಾರಾಗುತ್ತವೆ. ಒಂದು ಧಾನ್ಯಮಿಶ್ರಣದಲ್ಲಿ ರೈ ಧಾನ್ಯ ಶೇ 20, ಇನ್ನೊಂದರಲ್ಲಿ ಶೇ 35. ಒಂದು ಯೀಸ್ಟ್ ಹಣ್ಣಿನ ಗುಣ ಕೊಟ್ಟರೆ ಇನ್ನೊಂದು ಮಸಾಲೆಯ, ಮತ್ತೊಂದು ಹೂವಿನ ಪರಿಮಳ ನೀಡುತ್ತದೆ. 2017ರ ಸೀಮಿತ ಆವೃತ್ತಿಯಲ್ಲಿ 23 ವರ್ಷದ ಬರ್ಬನ್ ಇತ್ತು. ಆದರೆ ಅದರ ಪಾಲು ಶೇ 5 ಮಾತ್ರ. ಅರ್ಧಭಾಗ 13 ವರ್ಷದ್ದು. ಹೊಸ ಓಕ್‌ನಲ್ಲಿ ಅಷ್ಟು ಕಾಲ ಕಳೆದ ವಿಸ್ಕಿಯಲ್ಲಿ ಮರದ ಒಗರು ಮೇಲುಗೈ ಪಡೆಯುವ ಸಂಭವವಿರುತ್ತದೆ. ಸಾರಿನ ಒಗ್ಗರಣೆಗೆ ಇಂಗಿನಂತೆ ಅದು ಚಿಟಿಕೆಯಷ್ಟಿದ್ದರೆ ಚೆನ್ನ.

ಪರೀಕ್ಷಿಸುವ ಕ್ರಮ

ಬಾಯಿ ಕಿರಿದಾದ ಗಾಜಿನ ಲೋಟದಲ್ಲಿ ಸ್ವಲ್ಪವೇ ಸುರಿದು ಕೆಲ ನಿಮಿಷ ಬಿಡಬೇಕು. ಸ್ಟ್ರೈಟ್ ಬರ್ಬನ್‌ಗೆ ಬಣ್ಣ ಸೇರಿಸುವಂತಿಲ್ಲವಾದ್ದರಿಂದ ಅದರ ಬಣ್ಣ ಮರದಿಂದಲೇ ಬಂದದ್ದು. ತುಟಿ ತುಸು ತೆರೆದು ಮೂಸಿದರೆ ಮದ್ಯಸಾರದ ಘಾಟು ಕಡಿಮೆಯಾಗುತ್ತದೆ. ವೆನಿಲಾ, ಸುಟ್ಟ ಸಕ್ಕರೆಯ ವಾಸನೆ ಮರದ್ದು. ಮೆಣಸು, ಚಕ್ಕೆಯ ಖಾರ ಬಹುಮಟ್ಟಿಗೆ ರೈ ಧಾನ್ಯದ್ದು.

ಮೊದಲ ಗುಟುಕು ನಾಲಗೆಯನ್ನು ಒಗ್ಗಿಸಲಷ್ಟೇ, ತೀರ್ಪು ಎರಡನೆಯದರಿಂದ. ಬಳಿಕ ಕೆಲವು ಹನಿ ನೀರು ಬೆರೆಸಿ ಮತ್ತೆ ನೋಡಬೇಕು. ಉತ್ತಮ ಮಿಶ್ರಣದಲ್ಲಿ ಹೊಸ ಪರಿಮಳಗಳು ತೆರೆದುಕೊಳ್ಳುತ್ತವೆ, ದುರ್ಬಲವಾದದ್ದು ತೆಳುವಾಗುತ್ತದೆ. ನಾಲಗೆಯಲ್ಲಿ ಉಳಿಯುವ ರುಚಿ ದೀರ್ಘವಾಗಿರಬೇಕು. ಹೆಚ್ಚು ಕುದಿಸಿದ ಚಹಾದಂತೆ ಒಗರಾಗಿ ಕೊನೆಗೊಳ್ಳಬಾರದು.

ನಿಜವಾದ ಪರೀಕ್ಷೆ ಕುರುಡು ಪರೀಕ್ಷೆ. ವಿಶೇಷ ಆವೃತ್ತಿಯನ್ನೂ ಅದೇ ಸಂಸ್ಥೆಯ ಸಾಮಾನ್ಯ ಬರ್ಬನ್ನನ್ನೂ ಗುರುತು ಮರೆಮಾಡಿ ಪಕ್ಕಪಕ್ಕದಲ್ಲಿಟ್ಟು, ಪರಿಮಳ, ರುಚಿ, ಸಮತೋಲನ, ಅಂತ್ಯಗಳಿಗೆ ಬೇರೆಬೇರೆ ಅಂಕ ನೀಡಬೇಕು. ಬಾಟಲಿಯ ಸಂಖ್ಯೆ ಕಾಣದಾಗಲೂ ವ್ಯತ್ಯಾಸ ಕಂಡರೆ ಹೆಚ್ಚಿನ ಬೆಲೆಗೆ ಆಧಾರವಿದೆ. ಕಾಣದಿದ್ದರೆ ಗ್ರಾಹಕ ತೆರುವುದು ವಿರಳತೆಯ ಬೆಲೆಯಷ್ಟೇ. ವೃತ್ತಿಪರರು ಇಂತಹ ಪರೀಕ್ಷೆಯಲ್ಲಿ ವಿಸ್ಕಿಯನ್ನು ನುಂಗದೆ ಉಗುಳುವುದು ರೂಢಿ.

(ಮದ್ಯಪಾನ ಆರೋಗ್ಯಕ್ಕೆ ಹಾನಿಕರ)