ಪ್ರಾಚೀನ ಚಿತ್ರಗಳಲ್ಲಿ ವೀಣೆಯ ಸ್ವರೂಪ

ಶಿವಶರಣರ ಕಾಲವನ್ನು ನಿರೂಪಿಸುವ ಪಟಗಳಲ್ಲಿ ಚಿತ್ರಕಾರರು ತಂಜಾವೂರಿನ ವೀಣೆಯನ್ನು ಬರೆಯುವುದುಂಟು. ಹಲಸಿನ ಮರದ ಕೊಡವೂ 24 ಮೆಟ್ಟುಗಳೂ ಉಳ್ಳ ಈ ವಾದ್ಯದ ರೂಪವು 17ನೆಯ ಶತಮಾನದಲ್ಲಿ, ರಘುನಾಥ ನಾಯಕನ ಆಳಿಕೆಯಲ್ಲಿ ನೆಲೆಗೊಂಡಿತೆಂದು ಪ್ರತೀತಿ. 12ನೆಯ ಶತಮಾನದ ಕಲ್ಯಾಣದಲ್ಲಿ ಅದು ಇದ್ದಿರಲಾರದು. ಹಾಗಾದರೆ ಅಂದಿನ ವೀಣೆಯು ಎಂತಹುದು?

ಅಜಂತೆಯ 1ನೆಯ ಗುಹೆಯಲ್ಲಿ ಮಹಾಜನಕ ಜಾತಕದ ನೃತ್ಯದೃಶ್ಯವಿದೆ. ಅಲ್ಲಿಯ ಕೊಳಲು, ತಾಳ, ಚರ್ಮವಾದ್ಯಗಳನ್ನು ಯಾರಾದರೂ ಗುರುತಿಸಬಲ್ಲರು. ಏಕೆಂದರೆ ಅವುಗಳ ಆಕೃತಿಯು ಹೆಚ್ಚು ಮಾರ್ಪಟ್ಟಿಲ್ಲ. ವೀಣೆಯ ಸಂಗತಿ ಹಾಗಲ್ಲ. ಅದರ ಹೆಸರೊಂದೇ ಉಳಿದು ರೂಪವು ಹಲವು ಸಾರಿ ಬದಲಾಗಿದೆ. 4ನೆಯ ಶತಮಾನದ ಸಮುದ್ರಗುಪ್ತನ ನಾಣ್ಯದಲ್ಲಿ ಅರಸನ ತೊಡೆಯ ಮೇಲಿರುವುದು ಬಿಲ್ಲಿನಂತೆ ಬಾಗಿದ ವೀಣೆ. ರಾಗಮಾಲಾ ಚಿತ್ರಗಳ ತೋಡಿ ರಾಗಿಣಿಯು ಜಿಂಕೆಗಳ ನಡುವೆ ಹಿಡಿದು ನಿಂತಿರುವುದಾದರೋ ನೀಳವಾದ ದಂಡಿಗೆಗೆ ಎರಡು ಸೋರೆಬುರುಡೆಗಳನ್ನು ಕಟ್ಟಿದ ವೀಣೆ. ಆದುದರಿಂದ ಪರೀಕ್ಷಕನು ಹೆಸರನ್ನು ನೆಚ್ಚದೆ ದಂಡಿಗೆ, ಬುರುಡೆ, ತಂತಿ, ಮೆಟ್ಟುಗಳನ್ನೂ ವಾದಕನು ಹಿಡಿದಿರುವ ಭಂಗಿಯನ್ನೂ ನೋಡತಕ್ಕದ್ದು.

ಚಿತ್ರಕಾರನು ಪುರಾತನ ಕಥೆಯಲ್ಲಿ ತನ್ನ ಕಾಲದ ವಾದ್ಯವನ್ನೇ ಬರೆದಿರಬಹುದು. ಆದಕಾರಣ ಚಿತ್ರಕ್ಕೆ ಗ್ರಂಥದ ಸಾಕ್ಷ್ಯವೂ ಅವಶ್ಯಕ. ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು 13ನೆಯ ಶತಮಾನದಲ್ಲಿ ರಚಿಸಿದ ಸಂಗೀತರತ್ನಾಕರವು ಆಲಾಪಿನಿಯೆಂಬ ವೀಣೆಯನ್ನು ವರ್ಣಿಸುತ್ತದೆ. ಅದರ ಬುರುಡೆಯನ್ನು ಎದೆಗೆ ಆನಿಸಿ ನುಡಿಸಬೇಕು. ಮೆಟ್ಟುಗಳುಳ್ಳ ಕಿನ್ನರಿಯೂ ಅದರಲ್ಲಿ ಉಕ್ತವಾಗಿದೆ. ಶರಣ ಕಿನ್ನರಿ ಬೊಮ್ಮಯ್ಯನ ಹೆಸರಿನಲ್ಲಿ ನಿಂತಿರುವುದು ಆ ವಾದ್ಯವೇ.

ಈಗ ಬಸವಣ್ಣನವರ ಪ್ರಸಿದ್ಧ ವಚನವೊಂದನ್ನು ನೆನೆಯಬೇಕು. ತಮ್ಮ ಶರೀರವು ದಂಡಿಗೆಯಾಗಲಿ, ತಲೆಯು ಸೋರೆಯಾಗಲಿ, ನರಗಳು ತಂತಿಯಾಗಲಿ, ಕೂಡಲಸಂಗಮದೇವನು ಅದನ್ನು ಎದೆಗೆ ಒತ್ತಿಕೊಂಡು ಬಾರಿಸಲಿ ಎಂಬುದು ಅಲ್ಲಿಯ ಪ್ರಾರ್ಥನೆ. ನೆಲಕ್ಕೂ ತೊಡೆಗೂ ಆತುಕೊಳ್ಳುವ ತಂಜಾವೂರಿನ ವೀಣೆಯನ್ನು ಭಾವಿಸಿದರೆ ಈ ಕೊನೆಯ ಮಾತು ಬರಿಯ ಅಲಂಕಾರವೆನಿಸುವುದು. ಎದೆಗೆ ಬುರುಡೆಯನ್ನು ಆನಿಸುವ ದಂಡಿಗೆಯ ವೀಣೆಯನ್ನು ಕಂಡವರಿಗೆ ಅದು ಕಣ್ಣಾರೆ ಕಂಡ ವಾದನಕ್ರಮವೆಂದು ತಿಳಿಯುತ್ತದೆ. ಆ ವೀಣೆಯಲ್ಲಿ ಸೋರೆಯೂ ನುಡಿಸುವವನ ಎದೆಯೂ ಒಂದನ್ನೊಂದು ಸೋಂಕಿರುತ್ತವೆ. ಭಕ್ತನ ಶಿರಸ್ಸು ದೇವನ ಹೃದಯಕ್ಕೆ ತಗಲಿ ನಾದವಾಗಬೇಕೆಂಬುದೇ ಅಣ್ಣನವರ ಆಶಯ.

ಮಠಮಂದಿರಗಳಲ್ಲಿ ಶರಣರ ಚಿತ್ರಗಳನ್ನು ಬರೆಯಿಸುವವರು ಇದನ್ನು ಗಮನಿಸುವುದು ಲೇಸು. ಚಿತ್ರದಲ್ಲಿ ವಾದ್ಯವು ತಪ್ಪಿದರೆ ವಚನದ ಅರ್ಥವೂ ನೋಡುವವರ ಕಣ್ಣಿಗೆ ಮರೆಯಾದೀತು.