ಕೈ ಬದಲಾಯಿಸುವ ಕ್ಯಾಮೆರಾ: ಖಾಸಗಿ ಮಾರಾಟದಲ್ಲಿ ವಿಶ್ವಾಸದ ಇತಿಹಾಸ

ಛಾಯಾಚಿತ್ರಣದ ಇತಿಹಾಸವನ್ನು ಬರೆದವರು ಯಂತ್ರವನ್ನು ನಿರ್ಮಿಸಿದವರನ್ನೂ ಅದರಿಂದ ಚಿತ್ರ ತೆಗೆದವರನ್ನೂ ಕುರಿತು ವಿಪುಲವಾಗಿ ಹೇಳಿದ್ದಾರೆ. ಆ ಯಂತ್ರವು ಒಬ್ಬನ ಕೈಯಿಂದ ಮತ್ತೊಬ್ಬನ ಕೈಗೆ ಹೇಗೆ ದಾಟಿತೆಂಬುದನ್ನು ಕುರಿತು ಹೇಳಿರುವುದು ಅಲ್ಪ. ಆದರೆ ಕ್ಯಾಮೆರಾ ಬಹುಕಾಲ ಬಾಳುವ ವಸ್ತು; ಅನೇಕ ವೇಳೆ ತನ್ನ ಮೊದಲ ಒಡೆಯನಿಗಿಂತಲೂ ಹೆಚ್ಚು ಕಾಲ ಬಾಳುತ್ತದೆ. ಇಂದು ಒಬ್ಬ ವಿದ್ಯಾರ್ಥಿಯು ಅಂತರಜಾಲದಲ್ಲಿ ಪ್ರಕಟವಾದ ನಾಲ್ಕು ಚಿತ್ರಗಳನ್ನು ನೋಡಿ, ತಾನು ಎಂದೂ ಕಾಣದ ವ್ಯಕ್ತಿಗೆ, ಮನೆಯವರು ಕಷ್ಟದಿಂದ ಕೂಡಿಟ್ಟ ಹಣವನ್ನು ಕಳುಹಿಸಿ ಬಳಸಿದ ಕ್ಯಾಮೆರಾ ಒಂದನ್ನು ಕೊಳ್ಳುತ್ತಾನೆ. ಇದು ತೀರ ಹೊಸ ಕಾಲದ ಸಾಹಸವೆಂದು ತೋರಬಹುದು. ಆದರೆ ಅಪರಿಚಿತನ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದೆಂಬ ಪ್ರಶ್ನೆ ಕ್ಯಾಮೆರಾದಷ್ಟೇ ಹಳೆಯದು. ಆ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳನ್ನೂ, ಆ ಉತ್ತರಗಳ ಮಿತಿಗಳನ್ನೂ ಇಲ್ಲಿ ಪರಿಶೀಲಿಸುತ್ತೇವೆ.

1839ನೆಯ ಇಸವಿ ಆಗಸ್ಟ್ 19ರಂದು ಪ್ಯಾರಿಸ್ ನಗರದಲ್ಲಿ ಡಾಗೇರನ ಚಿತ್ರಣವಿಧಾನವು ಬಹಿರಂಗವಾಯಿತು. ಆ ವಿಧಾನಕ್ಕೆ ಬೇಕಾದ ಕ್ಯಾಮೆರಾಗಳನ್ನು ಆಲ್ಫೋನ್ಸ್ ಜಿರೂ ಎಂಬವನು ತಯಾರಿಸಿ ಮಾರುತ್ತಿದ್ದನು. ಆ ಮರದ ಪೆಟ್ಟಿಗೆಯ ಪಾರ್ಶ್ವದಲ್ಲಿ ಒಂದು ಫಲಕವಿತ್ತು. ಡಾಗೇರನ ಸಹಿಯೂ ಜಿರೂವಿನ ಮುದ್ರೆಯೂ ಇಲ್ಲದ ಉಪಕರಣಕ್ಕೆ ಯಾವ ಭರವಸೆಯೂ ಇಲ್ಲವೆಂದು ಅದರ ಮೇಲೆ ಬರೆದಿತ್ತು. ವ್ಯಾಪಾರಕ್ಕಾಗಿ ತಯಾರಾದ ಮೊದಲ ಕ್ಯಾಮೆರಾಗಳೇ ಹೀಗೆ ಎಚ್ಚರಿಕೆಯ ಮಾತನ್ನು ಹೊತ್ತುಕೊಂಡು ಹುಟ್ಟಿದವು. ಕೊಳ್ಳುವವನು ಪೆಟ್ಟಿಗೆಯ ಹೊರಮೈಯನ್ನು ನೋಡಿ ಅದರ ಗುಣವನ್ನು ಅರಿಯಲಾರನೆಂಬುದನ್ನು ತಯಾರಕರು ಅಂದೇ ಬಲ್ಲವರಾಗಿದ್ದರು. ಆದರೆ ತಯಾರಕನ ಸಹಿಯು ಹೊಸ ವಸ್ತುವಿಗೆ ಸಾಕ್ಷಿಯೇ ಹೊರತು ಬಳಸಿದ ವಸ್ತುವಿಗೆ ಅಲ್ಲ. ಹತ್ತು ವರ್ಷ ಬಳಸಿದ ಕ್ಯಾಮೆರಾ ಈಗ ಯಾವ ಸ್ಥಿತಿಯಲ್ಲಿದೆಯೆಂಬುದನ್ನು ಬಳಸಿದವನೇ ಹೇಳಬೇಕು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಪತ್ರಿಕೆಗಳು ಈ ತೊಡಕಿಗೆ ಇನ್ನೊಂದು ಪರಿಹಾರವನ್ನು ಕಂಡುಕೊಂಡವು. 1868ರಲ್ಲಿ ಲಂಡನ್ನಿನಲ್ಲಿ 'ಎಕ್ಸ್‌ಚೇಂಜ್ ಅಂಡ್ ಮಾರ್ಟ್' ಎಂಬ ಪತ್ರಿಕೆ ಹುಟ್ಟಿತು. ಗೃಹಸ್ಥರು ತಮ್ಮಲ್ಲಿದ್ದ ವಸ್ತುಗಳನ್ನು ಪರಸ್ಪರ ಮಾರುವುದಕ್ಕೂ ವಿನಿಮಯ ಮಾಡುವುದಕ್ಕೂ ಅದು ಅವಕಾಶ ಕಲ್ಪಿಸಿತು. 1884ರಲ್ಲಿ ಆರಂಭವಾದ 'ಅಮೆಚೂರ್ ಫೋಟೋಗ್ರಾಫರ್' ವಾರಪತ್ರಿಕೆಯಲ್ಲಿಯೂ ಹವ್ಯಾಸಿಗಳ ಜಾಹೀರಾತುಗಳು ಪ್ರಕಟವಾಗುತ್ತಿದ್ದವು. ಇಂಥ ಪತ್ರಿಕೆಗಳಲ್ಲಿ ಠೇವಣಿಯ ಪದ್ಧತಿಯೊಂದು ಬಳಕೆಗೆ ಬಂದಿತು. ಕೊಳ್ಳುವವನು ಹಣವನ್ನು ಮಾರುವವನಿಗೆ ಕಳುಹಿಸದೆ ಪತ್ರಿಕೆಯ ಕಚೇರಿಯಲ್ಲಿ ಇಡುತ್ತಿದ್ದನು. ವಸ್ತುವು ಕೈಸೇರಿ, ನೋಡಿ ಒಪ್ಪಿದ ಮೇಲೆ ಮಾತ್ರ ಹಣ ಮಾರಿದವನಿಗೆ ಸಲ್ಲುತ್ತಿತ್ತು. ಆಕಾಶವಾಣಿಯ ಹವ್ಯಾಸಿಗಳಿಗಾಗಿ ಪ್ರಕಟವಾಗುತ್ತಿದ್ದ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯು ಹೀಗೆ ನಿರ್ಧರಿಸಲು ಮೂರು ದಿನಗಳ ಅವಧಿಯನ್ನು ಕೊಟ್ಟಿತ್ತು. ಈ ಪದ್ಧತಿಯ ಮರ್ಮವು ಗಮನಾರ್ಹವಾದುದು. ಅದು ಮಾರುವವನ ಪ್ರಾಮಾಣಿಕತೆಯನ್ನು ಅಳೆಯಲು ಹೋಗಲಿಲ್ಲ. ಕೊಳ್ಳುವವನಿಗೆ ಪರೀಕ್ಷೆಯ ಕಾಲವನ್ನು ಒದಗಿಸಿತು. ಇಂದು ಕೆಲವು ಅಂತರಜಾಲ ಮಾರುಕಟ್ಟೆಗಳು ವಸ್ತು ತಲುಪುವವರೆಗೆ ಹಣವನ್ನು ತಮ್ಮಲ್ಲಿ ತಡೆದಿಡುವುದು ಈ ಹಳೆಯ ಪದ್ಧತಿಯ ಮುಂದುವರಿಕೆಯೇ ಆಗಿದೆ.

ಮೂರನೆಯ ಭರವಸೆ ಯಂತ್ರದ ಮೇಲಿನ ಕ್ರಮಸಂಖ್ಯೆ. 1925ರಲ್ಲಿ ಮಾರಾಟಕ್ಕೆ ಬಂದ ಜರ್ಮನಿಯ ಲೈಕಾ ಕ್ಯಾಮೆರಾಗಳ ಮೇಲೆ ಕೆತ್ತಿದ ಸಂಖ್ಯೆಯಿಂದ ಪ್ರತಿಯೊಂದರ ಕಾಲವನ್ನು ತಿಳಿಯಬಹುದು. ಅವುಗಳ ನಿರ್ಮಾತೃವಾದ ಆಸ್ಕರ್ ಬಾರ್ನಾಕನು ಸ್ವತಃ ಬಳಸಿದ 105ನೆಯ ಸಂಖ್ಯೆಯ ಪ್ರಾಯೋಗಿಕ ಕ್ಯಾಮೆರಾ 2022ರ ಹರಾಜಿನಲ್ಲಿ 1 ಕೋಟಿ 44 ಲಕ್ಷ ಯೂರೋಗಳಿಗೆ ಮಾರಾಟವಾಯಿತು. ಸಂಖ್ಯೆಗೂ ಹೆಸರಿಗೂ ಇಷ್ಟು ಬೆಲೆಯಿರುವಲ್ಲಿ ಕೃತ್ರಿಮವೂ ಹುಟ್ಟದೆ ಇರದು. ಸೋವಿಯತ್ ಒಕ್ಕೂಟದಲ್ಲಿ ಲೈಕಾದ ಮಾದರಿಯನ್ನು ಅನುಸರಿಸಿ 1934ರಿಂದ ಖಾರ್ಕಿವ್ ನಗರದಲ್ಲಿ 'ಫೆಡ್' ಕ್ಯಾಮೆರಾಗಳೂ, 1948ರಿಂದ ಕ್ರಾಸ್ನೊಗೋರ್ಸ್ಕ್‌ನಲ್ಲಿ 'ಜೋರ್ಕಿ' ಕ್ಯಾಮೆರಾಗಳೂ ತಯಾರಾದವು. ಇವು ತಮ್ಮಷ್ಟಕ್ಕೆ ಉಪಯುಕ್ತವಾದ ಯಂತ್ರಗಳು. ಆದರೆ ಮುಂದೆ ಕೆಲವರು ಇವುಗಳ ಹೆಸರನ್ನು ಅಳಿಸಿ ಲೈಕಾ ಎಂದೂ ಜರ್ಮನ್ ಸೇನೆಯ ಚಿಹ್ನೆಗಳನ್ನೂ ಕೆತ್ತಿ ದುಬಾರಿ ಬೆಲೆಗೆ ಮಾರತೊಡಗಿದರು. ಬಲ್ಲವರು ಇಂಥದನ್ನು ಗುರುತಿಸಲು ಮೇಲಿನ ಕೆತ್ತನೆಯನ್ನು ನಂಬದೆ ಮಸೂರವನ್ನು ಬಿಚ್ಚಿ ಒಳಗೆ ನೋಡುತ್ತಾರೆ. ದೂರವನ್ನು ಅಳೆಯುವ ಸನ್ನೆಯ ತುದಿಯಲ್ಲಿ ಪುಟ್ಟ ಉರುಳೆಯಿದ್ದರೆ ಅದು ಲೈಕಾ. ಉರುಳೆಯ ಬದಲು ಗಟ್ಟಿಯಾದ ಲೋಹದ ತುಂಡಿದ್ದರೆ ಅದು ಸೋವಿಯತ್ ಯಂತ್ರ. ಅಕ್ಷರವು ಸುಳ್ಳು ಹೇಳಿದರೂ ಯಂತ್ರದ ಒಳಗಿನ ರಚನೆಯು ಸತ್ಯವನ್ನು ಬಿಟ್ಟುಕೊಡುತ್ತದೆ.

ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಮಾರುಕಟ್ಟೆಯ ಗತಿಯೇನೆಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಆಕರ್‌ಲಾಫ್ 1970ರ ಪ್ರಬಂಧವೊಂದರಲ್ಲಿ ವಿವೇಚಿಸಿದರು. 2001ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ಸಂದಿತು. ಅವರು ತೆಗೆದುಕೊಂಡ ಉದಾಹರಣೆ ಹಳೆಯ ಕಾರುಗಳದು. ಒಳ್ಳೆಯದೂ ಕೆಟ್ಟದೂ ಬೆರೆತಿರಬಹುದೆಂಬ ಅಂಜಿಕೆಯಿಂದ ಕೊಳ್ಳುವವನು ಕಡಮೆ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ವಸ್ತುವಿನ ಒಡೆಯ ಮಾರಲೊಪ್ಪುವುದಿಲ್ಲ. ಕೊನೆಗೆ ಕೆಟ್ಟದ್ದೇ ಉಳಿಯುತ್ತದೆ. ಈ ತರ್ಕವು ಕ್ಯಾಮೆರಾಕ್ಕೂ ಸಲ್ಲುತ್ತದೆ. ಆದುದರಿಂದ ವಿಶ್ವಾಸದ ಕೊರತೆಯಿಂದ ನಷ್ಟ ಹೊಂದುವವನು ಮೋಸಹೋದವನೊಬ್ಬನೇ ಅಲ್ಲ. ತನ್ನ ಯಂತ್ರವನ್ನು ಜೋಪಾನವಾಗಿಟ್ಟ ಪ್ರಾಮಾಣಿಕನೂ ಹೌದು.

1995ರಲ್ಲಿ ಪಿಯೆರ್ ಒಮಿಡ್ಯಾರ್ ಅಮೆರಿಕದಲ್ಲಿ ಆರಂಭಿಸಿದ, ಮುಂದೆ ಈಬೇ ಎಂದು ಹೆಸರಾದ ಹರಾಜು ತಾಣವು ನಾಲ್ಕನೆಯ ಭರವಸೆಯನ್ನು ತಂದಿತು. 1996ರಿಂದ ಅಲ್ಲಿ ಕೊಂಡವರೂ ಮಾರಿದವರೂ ಪರಸ್ಪರರ ನಡತೆಯ ಬಗ್ಗೆ ಬಹಿರಂಗವಾಗಿ ಅಭಿಪ್ರಾಯ ಬರೆಯುವ ಏರ್ಪಾಡಾಯಿತು. ಊರಿನ ಸಂತೆಯಲ್ಲಿ ಬಾಯಿಂದ ಬಾಯಿಗೆ ಹರಡುತ್ತಿದ್ದ ಹೆಸರು ಹೀಗೆ ಅಂಕಿಯ ರೂಪವನ್ನು ತಾಳಿತು. ಆದರೆ ತಾನು ದೂರಿದರೆ ಎದುರಾಳಿಯೂ ದೂರುವನೆಂಬ ಭಯದಿಂದ ಸತ್ಯ ಹೇಳಲು ಹಿಂಜರಿಯುವ ಸ್ಥಿತಿ ಒದಗಿತು. ಕೊಳ್ಳುವವರ ಮೇಲೆ ಮಾರುವವರು ಪ್ರತಿಕೂಲ ಅಭಿಪ್ರಾಯ ಬರೆಯುವುದನ್ನು 2008ರಲ್ಲಿ ಆ ತಾಣವು ನಿಲ್ಲಿಸಬೇಕಾಯಿತು. ನಮ್ಮ ದೇಶದಲ್ಲಿಯೂ ಅಂತರಜಾಲದ ಜಾಹೀರಾತುಗಳು ಹಬ್ಬಿದ ಮೇಲೆ ಕೃತ್ರಿಮಗಳು ಹೊಸ ವೇಷ ಧರಿಸಿವೆ. ದೂರದ ಠಾಣೆಗೆ ವರ್ಗವಾದ ಸೈನಿಕನ ಸೋಗು ಹಾಕಿ ಮುಂಗಡ ಕೇಳುವವರಿದ್ದಾರೆ. 2016ರಲ್ಲಿ ಯುಪಿಐ ಪದ್ಧತಿ ಬಂದ ಮೇಲೆ, ಹಣ ಪಡೆಯಲು ಗುಪ್ತಸಂಖ್ಯೆಯನ್ನು ಒತ್ತಬೇಕೆಂದು ಮಾರುವವನನ್ನೇ ನಂಬಿಸುವವರೂ ಇದ್ದಾರೆ. ಹಣ ಕೊಡುವಾಗಲೇ ಹೊರತು ಪಡೆಯುವಾಗ ಆ ಸಂಖ್ಯೆ ಬೇಕಾಗುವುದಿಲ್ಲ.

ಹೀಗೆ ಪ್ರತಿಯೊಂದು ಭರವಸೆಯ ಹಿಂದೆಯೇ ಅದರ ದುರುಪಯೋಗವೂ ಬಂದಿತು. ಛಾಯಾಚಿತ್ರವೂ ಇದಕ್ಕೆ ಹೊರತಲ್ಲ. ಕ್ಯಾಮೆರಾದ ಸೊಬಗನ್ನು ತೋರಿಸುವ ಚಿತ್ರವು ಅದರ ರೋಗವನ್ನು ತೋರಿಸದು. ನಮ್ಮ ಕರಾವಳಿ ಮಲೆನಾಡುಗಳ ಮಳೆಗಾಲದಲ್ಲಿ ಮಸೂರದೊಳಗೆ ಬೂಷ್ಟು ಹಿಡಿಯುವುದು ಸಾಮಾನ್ಯ. ಮಸೂರವನ್ನು ಪೂರ್ಣವಾಗಿ ತೆರೆದು ದೀಪಕ್ಕೆ ಹಿಡಿದರೆ ಮಾತ್ರ ಅದು ಜೇಡನ ಎಳೆಯಂತೆ ಕಾಣುತ್ತದೆ. ಹಳೆಯ ಷಟರಿನಲ್ಲಿ ಜಿಡ್ಡು ಗಟ್ಟಿಯಾಗಿದ್ದರೆ ಒಂದು ಸೆಕೆಂಡಿನ ವೇಗದಲ್ಲಿ ಅದು ತಡೆತಡೆದು ಓಡುವುದನ್ನು ಕಿವಿಯಿಂದ ಕೇಳಿಯೇ ತಿಳಿಯಬೇಕು.

ಇನ್ನು ಕಾನೂನಿನ ಆಶ್ರಯವೆಷ್ಟು? 1930ರ ಸರಕು ಮಾರಾಟ ಅಧಿನಿಯಮದ 16ನೆಯ ಪ್ರಕರಣದಂತೆ, ವಸ್ತುವಿನ ಗುಣಮಟ್ಟದ ಹೊಣೆಯು ಮುಖ್ಯವಾಗಿ ಅಂಥ ವಸ್ತುಗಳ ವ್ಯಾಪಾರವನ್ನೇ ನಡೆಸುವವನ ಮೇಲೆ ಬೀಳುತ್ತದೆ. ತನ್ನ ಒಂದು ಕ್ಯಾಮೆರಾವನ್ನು ಮಾರುವ ಗೃಹಸ್ಥನ ಮೌನವನ್ನು ಕಾನೂನು ಸಾಮಾನ್ಯವಾಗಿ ಪ್ರಶ್ನಿಸುವುದಿಲ್ಲ. ಆದರೆ 15ನೆಯ ಪ್ರಕರಣದಂತೆ, ವಿವರಣೆಯ ಮೇಲೆ ಮಾರಿದ ವಸ್ತುವು ಆ ವಿವರಣೆಗೆ ಅನುಗುಣವಾಗಿಯೇ ಇರಬೇಕು. ಈ ಎರಡನ್ನೂ ಕೂಡಿಸಿ ಓದಿದರೆ ಒಂದು ಅರ್ಥ ಸ್ಫುಟವಾಗುತ್ತದೆ: ಮಾರುವವನು ಎಲ್ಲವನ್ನೂ ಹೇಳಬೇಕಾಗಿಲ್ಲ, ಆದರೆ ಹೇಳಿದ ವಿವರಣೆಗೆ ಅವನು ಬದ್ಧ. ಆದುದರಿಂದ ಮಸೂರದಲ್ಲಿ ಬೂಷ್ಟಿದೆಯೇ, ಷಟರು ಎಲ್ಲ ವೇಗಗಳಲ್ಲಿಯೂ ನಡೆಯುತ್ತದೆಯೇ, ಯಂತ್ರವನ್ನು ಎಂದಾದರೂ ಬಿಚ್ಚಿ ರಿಪೇರಿ ಮಾಡಿಸಿದೆಯೇ ಎಂದು ಹಣ ಕೊಡುವುದಕ್ಕೆ ಮೊದಲೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯುವುದು ಕೊಳ್ಳುವವನ ಕೈಯಲ್ಲಿರುವ ದೊಡ್ಡ ರಕ್ಷೆ.

ಈ ವಿಚಾರ ಹವ್ಯಾಸಿಗಳಿಗಷ್ಟೇ ಸಂಬಂಧಿಸಿದುದಲ್ಲ. ಕೆನಾನ್ ಸಂಸ್ಥೆ ತನ್ನ ಕೊನೆಯ ಫಿಲ್ಮ್ ಕ್ಯಾಮೆರಾದ ಮಾರಾಟವನ್ನು 2018ರಲ್ಲಿ ಮುಗಿಸಿತು. ನೈಕಾನ್ 2020ರಲ್ಲಿ ಅದನ್ನೇ ಮಾಡಿತು. 2024ರ ಪೆಂಟಾಕ್ಸ್ 17ರಂಥ ಕೆಲವು ಅಪವಾದಗಳನ್ನು ಬಿಟ್ಟರೆ, ಫಿಲ್ಮಿನ ವಿದ್ಯೆಯನ್ನು ಕಲಿಯುವವರಿಗೆ ಇನ್ನೊಬ್ಬರ ಕೈಯಿಂದ ಬಂದ ಯಂತ್ರವೇ ಗತಿ. ಒಂದು ವಿದ್ಯೆಯ ಉಳಿವು ಅಪರಿಚಿತರ ನಡುವಣ ವಿಶ್ವಾಸವನ್ನು ಅವಲಂಬಿಸಿದೆ. ಸಹಿ, ಸಂಖ್ಯೆ, ಅಂಕಿ ಇವೆಲ್ಲ ಆ ವಿಶ್ವಾಸಕ್ಕೆ ಊರುಗೋಲುಗಳು. ಕೊನೆಗೆ ಅದು ನಿಲ್ಲುವುದು ಕೊಳ್ಳುವವನ ಸಾವಧಾನವಾದ ಪರೀಕ್ಷೆಯ ಮೇಲೆ ಮತ್ತು ಮಾರುವವನು ಕೇಳದೆಯೇ ದೋಷವನ್ನು ತಿಳಿಸುವ ಸೌಜನ್ಯದ ಮೇಲೆ ಎಂದು ನಾವು ಭಾವಿಸುತ್ತೇವೆ.